ಅಣಕು ಸೀಟು ಹಂಚಿಕೆ: ನಮಗಿಂತ ಹಿಂದಿನ ರ‍್ಯಾಂಕ್‌ನವನಿಗೆ ನಮಗಿಂತ ಒಳ್ಳೆಯ ಸೀಟು ಹೇಗೆ?

ಅರಸೀಕೆರೆ ಅಮ್ಮ
ಎಲ್ಲರಿಗೂ ನಮಸ್ಕಾರ. ಸಿಇಟಿ ಅಣಕು ಸೀಟು ಹಂಚಿಕೆಯ (ನಿಜವಾದ ಸುತ್ತಿಗೆ ಮೊದಲು ತೋರಿಸುವ ಪ್ರಾಯೋಗಿಕ ಹಂಚಿಕೆ) ಫಲಿತಾಂಶ ನಿನ್ನೆ ಸಂಜೆ ಬಂತು. ಮಗಳ ಎಂಜಿನಿಯರಿಂಗ್ ರ‍್ಯಾಂಕ್ 38 ಸಾವಿರದ ಆಸುಪಾಸು, ಹಿಂದುಳಿದ ವರ್ಗಗಳ ಪ್ರವರ್ಗ 3ಎ. ಹಾಸನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ತೋರಿಸುತ್ತಿದೆ. ಅದನ್ನು ಒಪ್ಪಿಕೊಳ್ಳೋಣ. ಆದರೆ ಪಕ್ಕದ ಹಳ್ಳಿಯ ಹುಡುಗನೊಬ್ಬ ಇದ್ದಾನೆ, ಪಿಯುಸಿಯಲ್ಲಿ ಇವಳ ಜೊತೆಗೇ ಓದಿದವನು. ಅವನದೂ 3ಎ, ರ‍್ಯಾಂಕ್ 43 ಸಾವಿರ ದಾಟಿದೆ. ಅವನಿಗೆ ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್! ಅದೇ ಕಾಲೇಜು, ಅದೇ ವಿಭಾಗ ನಮ್ಮ ಪಟ್ಟಿಯಲ್ಲಿ ಹಾಸನಕ್ಕಿಂತ ಮೇಲೆಯೇ ಇತ್ತು. ಐದು ಸಾವಿರ ಹಿಂದಿರುವವನಿಗೆ ಸಿಕ್ಕಿದ್ದು ಇವಳಿಗೆ ಏಕೆ ಸಿಗಲಿಲ್ಲ? ಗಣಕಯಂತ್ರವೇ ತಪ್ಪಿರಬಹುದೇ?

ಇನ್ನೊಂದು ಪ್ರಶ್ನೆ. ಸೈಬರ್ ಸೆಂಟರಿನವರು, ‘ಸಿಗದ ಕಾಲೇಜುಗಳನ್ನೆಲ್ಲ ಮೇಲೆ ತುಂಬಿದ್ದೀರಿ, ತೆಗೆದುಬಿಡಿ, ಇಲ್ಲದಿದ್ದರೆ ಕೆಳಗಿನದೂ ಕೈತಪ್ಪುತ್ತದೆ’ ಎಂದರು. ಬೆಂಗಳೂರಿನ ಯುವಿಸಿಇ, ಬಿಎಂಎಸ್ ಎಂದು ಮಗಳು ಆಸೆಯಿಂದ ಹಾಕಿಕೊಂಡಿದ್ದಾಳೆ. ತೆಗೆಯಬೇಕೇ? ಬದಲಾಯಿಸಲು ನಾಡಿದ್ದು ಕೊನೆಯ ದಿನ. ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ರಾತ್ರಿ ಎರಡು ಗಂಟೆ
ತೆಗೆಯಬೇಡಿ ಆಂಟಿ!! ಯಾವುದನ್ನೂ ತೆಗೆಯಬೇಡಿ.

ದಾವಣಗೆರೆ ಬೆಣ್ಣೆ
ಅಣಕು ಹಂಚಿಕೆ ಎಂದ ಮೇಲೆ ಅದು ಅಣಕವೇ. ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ?

ಮೂರನೇ ಸುತ್ತಿನವನು
ಬೆಣ್ಣೆಯವರೇ, ಮಕ್ಕಳಿಲ್ಲದವರು ಹೀಗೆ ಮಾತನಾಡಬಹುದು. ಅದು ಹೊರಗೆ ಬಿದ್ದ ಹೊತ್ತಿಗೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿತ್ರಗಳು ಸುರಿಯುತ್ತವೆ. ‘ನಿಮ್ಮ ಹುಡುಗನಿಗೆ ಯಾವುದು ಬಂತು’ ಎಂದು ಹಾಲು ಹಾಕುವವರೂ ಕೇಳುತ್ತಾರೆ.

ಹಳೆಯ ಲೆಕ್ಕಿಗ
ಅಮ್ಮಾ, ಯಂತ್ರ ತಪ್ಪಿಲ್ಲ. ಹೋಲಿಕೆ ತಪ್ಪಿದೆ. ಮೊದಲು ಒಂದು ವಿಷಯ ತಿಳಿಸಿ: ಆ ಹುಡುಗ ಒಂದರಿಂದ ಹತ್ತನೆಯ ತರಗತಿಯ ತನಕ ಎಲ್ಲಿ ಓದಿದ, ಯಾವ ಮಾಧ್ಯಮದಲ್ಲಿ? ನಿಮ್ಮ ಮಗಳು ಎಲ್ಲಿ?

ಅರಸೀಕೆರೆ ಅಮ್ಮ
ಅವನು ಹತ್ತೂ ವರ್ಷ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಇವಳು ಏಳನೆಯ ತರಗತಿಯವರೆಗೆ ನಮ್ಮ ಹಳ್ಳಿಯಲ್ಲೇ, ಆಮೇಲೆ ಅರಸೀಕೆರೆ ಪೇಟೆಯಲ್ಲಿ ಇಂಗ್ಲಿಷ್ ಮಾಧ್ಯಮ. ನಾವು ಈಗಲೂ ಹಳ್ಳಿಯಲ್ಲೇ ಇದ್ದೇವೆ, ಪಡಿತರ ಚೀಟಿ ಹಳ್ಳಿಯದೇ.

ಹಳೆಯ ಲೆಕ್ಕಿಗ
ಅಲ್ಲಿಗೆ ಗಂಟು ಬಿಚ್ಚಿತು. ಗ್ರಾಮೀಣ ಮೀಸಲಾತಿ ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತದೆ. ಹತ್ತು ವರ್ಷವೂ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಕೊನೆಯ ಮೂರು ವರ್ಷ ಪೇಟೆಗೆ ಹೋದರೆ ಮೊದಲ ಏಳು ವರ್ಷಕ್ಕೆ ಬೆಲೆಯಿಲ್ಲ. ಕನ್ನಡ ಮಾಧ್ಯಮಕ್ಕೂ ಹಾಗೆಯೇ, ಒಂದರಿಂದ ಹತ್ತು. ಗ್ರಾಮೀಣಕ್ಕೆ 15, ಕನ್ನಡ ಮಾಧ್ಯಮಕ್ಕೆ 5 ಪ್ರತಿಶತ ಒಳಮೀಸಲಾತಿ.

ನಿಮ್ಮ ಮಗಳು ಓಡುತ್ತಿರುವುದು 3ಎಜಿ, ಅಂದರೆ ಒಳಮೀಸಲಾತಿಯಿಲ್ಲದ 3ಎ ಸಾಲಿನಲ್ಲಿ. ಅವನು 3ಎಜಿ, 3ಎಆರ್ (ಗ್ರಾಮೀಣ), 3ಎಕೆ (ಕನ್ನಡ ಮಾಧ್ಯಮ) ಮೂರರಲ್ಲೂ ನಿಂತಿದ್ದಾನೆ. ಜೊತೆಗೆ ಸಾಮಾನ್ಯ ಅರ್ಹತೆಯ (ಪ್ರವರ್ಗ ನೋಡದ ಸೀಟುಗಳ) ಗ್ರಾಮೀಣ, ಕನ್ನಡ ಸಾಲುಗಳೂ ಅವನಿಗೆ ತೆರೆದಿವೆ. ಅವನ 43 ಸಾವಿರ, ಇವಳ 38 ಸಾವಿರ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಸಿವಿಲ್ ಮೇಷ್ಟ್ರು
ಸೇರಿಸುತ್ತೇನೆ: ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣವಲ್ಲ. ಊರು ನೋಡಿದರೆ ಅಪ್ಪಟ ಹಳ್ಳಿ, ಕಾಗದದಲ್ಲಿ ಪಟ್ಟಣ. ಪ್ರತಿ ವರ್ಷ ಈ ಕಾರಣಕ್ಕೆ ಪೋಷಕರು ಅಳುವುದನ್ನು ನೋಡುತ್ತೇನೆ.

ರಾತ್ರಿ ಎರಡು ಗಂಟೆ
ನನಗೆ ಇದು ಅನ್ಯಾಯ ಎನ್ನಿಸುತ್ತದೆ. ಒಂದೇ ಪಿಯು ಕಾಲೇಜು, ಒಂದೇ ಬೆಂಚು, ಒಂದೇ ಉಪನ್ಯಾಸಕರು. ಹತ್ತನೆಯ ತರಗತಿ ಎಲ್ಲಿ ಓದಿದ ಎಂಬುದಕ್ಕೆ ಐದು ಸಾವಿರ ರ‍್ಯಾಂಕ್ ಬಿಟ್ಟುಕೊಡಬೇಕೇ?

ಪಿಯು ಉಪನ್ಯಾಸಕ
ತಮ್ಮಾ, ಆ ಬೆಂಚಿನ ಈಚೆ ಬದಿಯಿಂದ ಹೇಳುತ್ತೇನೆ. ಪಿಯುಸಿ ವಿಜ್ಞಾನಕ್ಕೆ ಬಂದ ಕನ್ನಡ ಮಾಧ್ಯಮದ ಮಕ್ಕಳು ಮೊದಲ ಮೂರು ತಿಂಗಳು ಬಾಯಿ ಬಿಡುವುದಿಲ್ಲ. ‘ವೇಗೋತ್ಕರ್ಷ’ ಎಂದರೆ ಗೊತ್ತು, ‘ಆ್ಯಕ್ಸಲರೇಶನ್’ ಎಂದರೆ ಮುಖ ನೋಡುತ್ತಾರೆ. ಭೌತಶಾಸ್ತ್ರ ಅರ್ಥವಾದವನೂ ಪ್ರಶ್ನೆಪತ್ರಿಕೆ ಅರ್ಥವಾಗದೆ ಸೋಲುತ್ತಾನೆ. ಹಾಗಿದ್ದೂ 43 ಸಾವಿರದ ರ‍್ಯಾಂಕ್ ತಂದ ಹುಡುಗನ ಬಗ್ಗೆ ಅನ್ಯಾಯದ ಮಾತು ಬೇಡ.

ರಾತ್ರಿ ಎರಡು ಗಂಟೆ
ಸರಿ ಸರ್. ಆದರೆ ಹಳ್ಳಿಯ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ, ಶಾಲೆಯ ಬಸ್ಸಿನಲ್ಲಿ ಹೋಗಿ ಓದಿದವನಿಗೂ ಗ್ರಾಮೀಣ ಸಿಗುತ್ತದಲ್ಲ? ನಗರದ ಹೊರವಲಯದಲ್ಲಿ ಅಂಥ ಶಾಲೆಗಳು ಎಷ್ಟಿಲ್ಲ?

ಪಿಯು ಉಪನ್ಯಾಸಕ
ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹಳೆಯ ಲೆಕ್ಕಿಗ
ಇನ್ನು ಅಮ್ಮನ ಎರಡನೆಯ ಪ್ರಶ್ನೆ. ಸೈಬರ್ ಸೆಂಟರಿನವರ ಸಲಹೆ ಪೂರ್ತಿ ತಪ್ಪು, ಮತ್ತು ಅಪಾಯಕಾರಿ.

ಹಂಚಿಕೆ ನಡೆಯುವ ಬಗೆ ಹೀಗೆ. ಒಂದನೇ ರ‍್ಯಾಂಕ್‌ನಿಂದ ಶುರು. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯ ಮೊದಲ ಆಯ್ಕೆ ತೆರೆದು, ಅವಳು ಅರ್ಹಳಾಗಿರುವ ಯಾವುದಾದರೂ ಸಾಲಿನಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಸಾಮಾನ್ಯ ಅರ್ಹತೆಯಲ್ಲಿ ಇಲ್ಲವೇ? ಪ್ರವರ್ಗದಲ್ಲಿ ನೋಡುತ್ತದೆ. ಅಲ್ಲೂ ಇಲ್ಲವೇ? ಎರಡನೆಯ ಆಯ್ಕೆಗೆ ಇಳಿಯುತ್ತದೆ. ಸಿಕ್ಕ ಕಡೆ ನಿಲ್ಲುತ್ತದೆ. ಇಷ್ಟೇ. ಮೇಲೆ ಹತ್ತು ಸಿಗದ ಕಾಲೇಜು ಹಾಕಿದ್ದೀರಿ ಎಂದು ಹನ್ನೊಂದನೆಯದರಲ್ಲಿ ಅವಳ ಸರದಿ ಹಿಂದೆ ಸರಿಯುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಏನಿದೆ ಎಂಬುದು ಬೇರೆಯವರ ಸರದಿಗೂ ಗೊತ್ತಿಲ್ಲ.

ತಿರುಗುಮುರುಗಾದಾಗ ಮಾತ್ರ ಹೊಡೆತ. ‘ಹಾಸನ ಗ್ಯಾರಂಟಿ’ ಎಂದು ಅದನ್ನು ಮೈಸೂರಿಗಿಂತ ಮೇಲೆ ಇಟ್ಟರೆ, ಮೈಸೂರು ಖಾಲಿ ಇದ್ದರೂ ಯಂತ್ರ ಹಾಸನದಲ್ಲೇ ನಿಂತುಬಿಡುತ್ತದೆ. ಆಮೇಲೆ ಮೈಸೂರನ್ನು ಯಾರೂ ಕೊಡರು. ಆದ್ದರಿಂದ ಆಸೆಯ ಕ್ರಮದಲ್ಲಿ ತುಂಬಬೇಕು, ಅಂದಾಜಿನ ಕ್ರಮದಲ್ಲಿ ಅಲ್ಲ.

ಮೂರನೇ ಸುತ್ತಿನವನು
ಲೆಕ್ಕಿಗರ ಮಾತಿಗೆ ನನ್ನ ಅಣ್ಣನ ಮಗನೇ ಸಾಕ್ಷಿ. ಯಾರೋ ಹೇಳಿದರೆಂದು ‘ಸುರಕ್ಷಿತ’ ಕಾಲೇಜನ್ನು ಮೇಲಿಟ್ಟ. ಅವನು ಬೇಕೆಂದಿದ್ದ ಕಾಲೇಜು ಅವನಿಗಿಂತ ಹಿಂದಿನ ರ‍್ಯಾಂಕ್‌ನವರಿಗೆ ಹೋಯಿತು. ಈಗ ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ಆ ವಿಷಯ ಎತ್ತಿದರೆ ತಟ್ಟೆ ಬಿಟ್ಟು ಏಳುತ್ತಾನೆ.

ಕಲಬುರಗಿ ಬಿಸಿಲು
ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬೆಂಗಳೂರಿನವರು ಪ್ರತಿ ವರ್ಷ ಇದೇ ‘ಹೇಗೆ ಸಿಕ್ಕಿತು’ ರಾಗ ಹಾಡುತ್ತಾರೆ. ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪ್ರತಿಶತ ನಮ್ಮವರಿಗೆ, ಉಳಿದ ರಾಜ್ಯದಲ್ಲಿ 8 ಪ್ರತಿಶತ. ಕೋಷ್ಟಕದಲ್ಲಿ ‘ಎಚ್’ ಕಂಡರೆ ಅದು. 2012ರ ತಿದ್ದುಪಡಿಗೆ ಮುಂಚೆ ಎಷ್ಟು ವರ್ಷ ಕಾದೆವು ಎಂಬುದನ್ನೂ ಕೇಳಿ ಒಮ್ಮೆ.

ದಾವಣಗೆರೆ ಬೆಣ್ಣೆ
ಯಾರೂ ಏನೂ ಹೇಳಲಿಲ್ಲ ಸರ್, ನೀವೇ ಜಗಳಕ್ಕೆ ತಯಾರಾಗಿ ಬಂದಿದ್ದೀರಿ.

ಕಲಬುರಗಿ ಬಿಸಿಲು
ಹೇಳುವ ಮೊದಲೇ ಬಂದರೆ ಒಳ್ಳೆಯದು ಎಂದು ಬಂದೆ.

ಗಡಿಯಾಚೆ
ಕಾಸರಗೋಡಿನಿಂದ. ನಮ್ಮ ಮಕ್ಕಳು ಗಡಿನಾಡು ಕನ್ನಡಿಗರ ಅಡಿಯಲ್ಲಿ ಅರ್ಜಿ ಹಾಕಿ ಪ್ರತ್ಯೇಕ ಕನ್ನಡ ಪರೀಕ್ಷೆ ಬರೆಯಬೇಕು. 50ಕ್ಕೆ 12 ಬಂದರೆ ಸಾಕು, ಆ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ. ತಮಾಷೆ ಎಂದರೆ ಹತ್ತು ವರ್ಷ ಕನ್ನಡದಲ್ಲೇ ಓದಿದ ನನ್ನ ಮಗ ಆ ಪರೀಕ್ಷೆಗೆ ನಡುಗಿದ, ಗಣಿತಕ್ಕೆ ಹೆದರಲಿಲ್ಲ.

ಅರಸೀಕೆರೆ ಅಮ್ಮ
ಎಲ್ಲರಿಗೂ ಧನ್ಯವಾದ. ಲೆಕ್ಕಿಗ ಸರ್, ಈಗ ಸ್ವಲ್ಪ ಉಸಿರು ಬಂತು. ಆದರೂ ಕಳೆದ ವರ್ಷದ ಕಟ್-ಆಫ್ (ಸೀಟು ಸಿಕ್ಕ ಕೊನೆಯವರ ರ‍್ಯಾಂಕ್) ತೆಗೆದು ನೋಡಿದೆ. ಆ ಮೈಸೂರು ಕಾಲೇಜಿನ 3ಎಜಿ ರ‍್ಯಾಂಕ್ ಒಂದು ವಿಭಾಗದಲ್ಲಿ ನಮ್ಮದರ ಹತ್ತಿರ ಬರುತ್ತದೆ, ಅದರ ಹಿಂದಿನ ವರ್ಷ ಎಲ್ಲೋ ಮೇಲಿದೆ. ಕೆಲವು ಕಡೆ ಬರಿಯ ಅಡ್ಡಗೆರೆ. ಯಾವುದನ್ನು ನಂಬಬೇಕು?

ಹಳೆಯ ಲೆಕ್ಕಿಗ
ಅಡ್ಡಗೆರೆ ಎಂದರೆ ಆ ಸಾಲಿನಲ್ಲಿ ಸೀಟು ಹಂಚಿಕೆಯಾಗಿಲ್ಲ ಎಂದರ್ಥ. ಏರಿಳಿತಕ್ಕೆ ಕಾರಣ ಸೀಟುಗಳ ಸಂಖ್ಯೆ. ಒಂದು ಲೆಕ್ಕ ಹಾಕೋಣ. ಖಾಸಗಿ ಕಾಲೇಜಿನ ಒಂದು ವಿಭಾಗದಲ್ಲಿ 60 ಸೀಟು ಇವೆ ಎನ್ನಿ. ಸರ್ಕಾರಿ ಕೋಟಾ 45 ಪ್ರತಿಶತ, ಅಂದರೆ 27. ಉಳಿದದ್ದು ಕಾಮೆಡ್‌–ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ) 30, ಆಡಳಿತ ಮಂಡಳಿ 25 ಪ್ರತಿಶತ. ಆ 27ರಲ್ಲಿ ಪರಿಶಿಷ್ಟ ಜಾತಿ 17, ಪರಿಶಿಷ್ಟ ಪಂಗಡ 7, ಪ್ರವರ್ಗ 1ಕ್ಕೆ 4, 2ಎ 15, 2ಬಿ 4, 3ಎ 4, 3ಬಿ 5 ಪ್ರತಿಶತ. 3ಎ ಪಾಲು 27ರ 4 ಪ್ರತಿಶತ: ಒಂದು ಸೀಟು! ಆ ಒಂದನ್ನೇ ಮತ್ತೆ ಗ್ರಾಮೀಣ, ಕನ್ನಡ ಮಾಧ್ಯಮ ಎಂದು ಸೀಳಲಾಗದು, ಆದ್ದರಿಂದ ಒಂದು ಕಡೆ 3ಎಜಿ ಇದ್ದರೆ ಇನ್ನೊಂದು ಕಡೆ 3ಎಆರ್ ಇರುತ್ತದೆ.

ಒಂದೇ ಸೀಟಿನ ಕಟ್-ಆಫ್ ಎಂದರೆ ಒಬ್ಬ ವಿದ್ಯಾರ್ಥಿಯ ಮರ್ಜಿ. ಆ ಒಬ್ಬ ಕಳೆದ ವರ್ಷ ಬೆಂಗಳೂರು ಬೇಡ ಎಂದು ಮೈಸೂರಿಗೆ ಬಂದಿದ್ದರೆ ಕಟ್-ಆಫ್ ಬಿಗಿಯಾಯಿತು, ಬಾರದಿದ್ದರೆ ಸಡಿಲವಾಯಿತು. ಸಾಮಾನ್ಯ ಅರ್ಹತೆಯಲ್ಲಿ ಹನ್ನೆರಡರಷ್ಟು ಸೀಟಾದರೂ ಇರುತ್ತವೆ, ಅಲ್ಲಿ ಅಂಕಿ ಅಷ್ಟಾಗಿ ಕುಣಿಯುವುದಿಲ್ಲ. ಸಣ್ಣ ಸಾಲುಗಳಲ್ಲಿ ಕುಣಿಯುತ್ತದೆ. ಆದ್ದರಿಂದ ಒಂದು ವರ್ಷದ ಕಟ್-ಆಫ್ ನೋಡಿ ‘ಸಿಗುವುದಿಲ್ಲ’ ಎಂದು ತೆಗೆಯುವುದು ಮೂರ್ಖತನ, ‘ಸಿಕ್ಕೇ ಸಿಗುತ್ತದೆ’ ಎಂದು ಕುಣಿಯುವುದೂ ಅಷ್ಟೇ.

ರಾತ್ರಿ ಎರಡು ಗಂಟೆ
ಕಂಪ್ಯೂಟರ್ ಸೈನ್ಸ್‌ನಲ್ಲಿ 60 ಎಲ್ಲಿದೆ ಸರ್ ಈಗ? 2024–25ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಸೀಟುಗಳ ಮಿತಿ ತೆಗೆದ ಮೇಲೆ ಕೆಲವು ಕಾಲೇಜುಗಳಲ್ಲಿ ತರಗತಿ ಹುಡುಕುವುದಕ್ಕೆ ನಕ್ಷೆ ಬೇಕು.

ಹಳೆಯ ಲೆಕ್ಕಿಗ
ಒಪ್ಪಿದೆ. ಅದಕ್ಕೇ ಹಳೆಯ ಕಟ್-ಆಫ್ ಪಕ್ಕದಲ್ಲಿ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಸಾಲಿಗೆ ಎಷ್ಟು ಸೀಟು ಎಂಬ ಪಟ್ಟಿ) ಇಟ್ಟುಕೊಂಡು ನೋಡಬೇಕು. ಸೀಟು ಹೆಚ್ಚಿದರೆ ಹಳೆಯ ಅಂಕಿ ಹಳಸಿತು.

ಸಿವಿಲ್ ಮೇಷ್ಟ್ರು
ಎಲ್ಲರೂ ಕಂಪ್ಯೂಟರ್ ಸೈನ್ಸ್ ಎಂದು ಬಡಿದಾಡುವುದನ್ನು ನೋಡಿದರೆ ನಗು ಬರುತ್ತದೆ. ಈ ನಾಡಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವನ್ನು ಎಂಜಿನಿಯರುಗಳ ದಿನ ಎಂದು ಆಚರಿಸುತ್ತೇವೆ, ಅವರು ಓದಿದ್ದು ಸಿವಿಲ್. 1917ರಲ್ಲಿ ಅವರ ಕಾಲದಲ್ಲೇ ಶುರುವಾದ ಯುವಿಸಿಇಯಲ್ಲಿ ಸಿವಿಲ್ ಸೀಟು ಕಂಪ್ಯೂಟರಿಗಿಂತ ಎಷ್ಟೋ ಹಿಂದಿನ ರ‍್ಯಾಂಕ್‌ಗೆ ಸಿಗುತ್ತದೆ, ಶುಲ್ಕವೂ ಖಾಸಗಿಗಿಂತ ಕಡಿಮೆ. ಆದರೂ ಕೇಳುವವರಿಲ್ಲ.

ದಾವಣಗೆರೆ ಬೆಣ್ಣೆ
ಮೇಷ್ಟ್ರೇ, ನಿಮ್ಮ ಮಗ ಏನು ಓದುತ್ತಿದ್ದಾನೆ?

ಸಿವಿಲ್ ಮೇಷ್ಟ್ರು
ಮಾಹಿತಿ ವಿಜ್ಞಾನ. ಅದು ಬೇರೆ ವಿಷಯ.

ದಾವಣಗೆರೆ ಬೆಣ್ಣೆ
😀😀

ಕಾಯುವ ಅಕ್ಕ
ನಾನು 2022ರ ಕಾಯುವಿಕೆಯನ್ನು ಮನೆಯಲ್ಲಿ ಕಂಡವಳು, ಅದರ ಮುಂದೆ ಇದು ಏನೂ ಅಲ್ಲ. ತಮ್ಮ 2021ರ ಪಿಯು ತಂಡದವನು. ಕೋವಿಡ್‌ನಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಹಿಂದಿನ ಅಂಕಗಳ ಮೇಲೆ ಪಿಯು ಅಂಕ ಕೊಟ್ಟರು, ರ‍್ಯಾಂಕ್‌ಗೆ ಸಿಇಟಿ ಅಂಕ ಮಾತ್ರ. ಮುಂದಿನ ವರ್ಷ ಮತ್ತೆ ಸಿಇಟಿ ಬರೆದ. ರ‍್ಯಾಂಕ್ ನೋಡಿದರೆ ಪಾತಾಳದಲ್ಲಿದೆ! ಹಳೆಯ ತಂಡದವರ ಪಿಯು ಅಂಕವನ್ನು ಪರಿಗಣಿಸಿಯೇ ಇಲ್ಲ, ಹೊಸಬರಿಗೆ ಅರ್ಧ ಪಿಯು, ಅರ್ಧ ಸಿಇಟಿ. ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಹಳಬರ ಪಿಯು ಅಂಕದಲ್ಲಿ ಸರಾಸರಿ 6 ಕಡಿತ ಮಾಡುವ ಸೂತ್ರದ ಮೇಲೆ ರ‍್ಯಾಂಕ್ ಪಟ್ಟಿ ಬದಲಾಯಿತು. ಆಗ ಹೊಸಬರ ಮನೆಯಲ್ಲಿ ಅಳು. ದಸರೆಯ ಹೊತ್ತಿಗೂ ಯಾವ ಕಾಲೇಜು ಎಂದು ಗೊತ್ತಿರಲಿಲ್ಲ.

ಪಿಯು ಉಪನ್ಯಾಸಕ
2024 ಏನು ಕಡಿಮೆಯೇ? ಪಠ್ಯದಿಂದ ಹೊರಗಿನ ಪ್ರಶ್ನೆ ಕೇಳಿದರೆಂದು ಗಲಾಟೆ, ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಆಮೇಲೆ ನೀಟ್ ಗೊಂದಲ ಸುಪ್ರೀಂ ಕೋರ್ಟಿನ ತನಕ ಹೋಗಿ ವೈದ್ಯಕೀಯ ಸೀಟುಗಳು ತಡವಾದವು, ಎಂಜಿನಿಯರಿಂಗ್‌ನವರೂ ಕಾದರು. ಆದ್ದರಿಂದ ಯಾರಾದರೂ ‘ನನ್ನ ಸಿಇಟಿ ಅಂಕ ಇಷ್ಟು, 2024ರಲ್ಲಿ ಇಷ್ಟಕ್ಕೆ ಯಾವ ರ‍್ಯಾಂಕ್’ ಎಂದು ಕೇಳಿದರೆ ನಾನು ಮಾತು ಬದಲಾಯಿಸುತ್ತೇನೆ. ರ‍್ಯಾಂಕಿಗೆ ರ‍್ಯಾಂಕ್ ಹೋಲಿಸಿ, ಅಂಕಕ್ಕೆ ಅಂಕ ಬೇಡ.

ಮೂರನೇ ಸುತ್ತಿನವನು
ಕೊನೆಯ ಸುತ್ತಿನ ತನಕ ಆಸೆ ಇಟ್ಟುಕೊಳ್ಳಿ ಎನ್ನುತ್ತಾರಲ್ಲ, ಅದರಲ್ಲೂ ಸತ್ಯವಿದೆ. ಮೊದಲ ಸುತ್ತಿನಲ್ಲಿ ಸೀಟು ಹಿಡಿದ ಎಷ್ಟೋ ಜನರಿಗೆ ಆಮೇಲೆ ಸುರತ್ಕಲ್ ಎನ್‌ಐಟಿಕೆಯೋ, ಬೇರೆ ಎನ್‌ಐಟಿಯೋ, ವೈದ್ಯಕೀಯವೋ ಸಿಗುತ್ತದೆ. ಅವರು ಬಿಟ್ಟ ಸೀಟು ಕೆಳಗಿನವರಿಗೆ ಇಳಿಯುತ್ತದೆ.

ರಾತ್ರಿ ಎರಡು ಗಂಟೆ
ಅಥವಾ ಆಡಳಿತ ಮಂಡಳಿಗೆ ಇಳಿಯುತ್ತದೆ. 2024ರ ಕೊನೆಯಲ್ಲಿ ಸೀಟು ತಡೆಹಿಡಿಯುವ ದಂಧೆಯಲ್ಲಿ ಪೊಲೀಸರು ಜನರನ್ನು ಬಂಧಿಸಿದ್ದನ್ನು ಮರೆತಿರಾ? ಸೇರುವ ಉದ್ದೇಶವೇ ಇಲ್ಲದವರ ಹೆಸರಿನಲ್ಲಿ ಒಳ್ಳೆಯ ಸೀಟು ಹಿಡಿದಿಟ್ಟು ಕೊನೆಗೆ ಖಾಲಿ ಬಿಡಿಸುವುದು. ನಾವು ಇಲ್ಲಿ ಕೂತು ಕಟ್-ಆಫ್ ಲೆಕ್ಕ ಹಾಕುವುದು.

ಕಾಯುವ ಅಕ್ಕ
ಇದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಹೊಟ್ಟೆ ಉರಿಯುತ್ತದೆ.

ಗಡಿಯಾಚೆ
ವಿಷಯಾಂತರ: ನಮ್ಮ ಮನೆಯಲ್ಲಿ ಅತ್ತೆಯವರು ‘ಆಷಾಢದಲ್ಲಿ ಶುಲ್ಕ ಕಟ್ಟಬೇಡಿ, ಶ್ರಾವಣ ಬರಲಿ’ ಎನ್ನುತ್ತಿದ್ದಾರೆ. ಪರೀಕ್ಷಾ ಪ್ರಾಧಿಕಾರದವರು ಪಂಚಾಂಗ ನೋಡುವುದಿಲ್ಲ ಎಂದು ಹೇಗೆ ಹೇಳಲಿ?

ದಾವಣಗೆರೆ ಬೆಣ್ಣೆ
ನಮ್ಮಲ್ಲಿ ಅದಕ್ಕೆ ಉಪಾಯ ಕಂಡುಕೊಂಡಿದ್ದೇವೆ. ಒಳ್ಳೆಯ ದಿನ ನೋಡಿ ಅಜ್ಜಿಯ ಕೈಯಲ್ಲಿ ನೂರೊಂದು ರೂಪಾಯಿ ದೇವರ ಮುಂದೆ ಇಡಿಸಿದೆವು. ಶುಲ್ಕ ಅಂದೇ ಶುರುವಾಯಿತು ಎಂದಾಯಿತು. ಉಳಿದದ್ದು ಆಷಾಢದಲ್ಲಿ ಹೋದರೂ ದೋಷವಿಲ್ಲವಂತೆ.

ಗಡಿಯಾಚೆ
ಇದು ಈ ಚರ್ಚೆಯ ಅತ್ಯಂತ ಉಪಯುಕ್ತ ಸಲಹೆ.

ಅರಸೀಕೆರೆ ಅಮ್ಮ
ಪಟ್ಟಿ ಸರಿಮಾಡಿದೆವು. ಯುವಿಸಿಇ, ಬಿಎಂಎಸ್ ಮೇಲೆಯೇ ಇವೆ. ಆಮೇಲೆ ಮೈಸೂರಿನವು, ಆಮೇಲೆ ಹಾಸನ, ತುಮಕೂರು. ಇವಳಿಗೆ ಎಲೆಕ್ಟ್ರಾನಿಕ್ಸ್ ಇಷ್ಟವೇ ಎಂದು ಮೊದಲ ಬಾರಿಗೆ ಯಾರಾದರೂ ಕೇಳಿದ್ದು ಇವತ್ತು, ಅದೂ ಅವಳ ಅಪ್ಪ. ‘ಕಂಪ್ಯೂಟರಿಗಿಂತ ಇಷ್ಟ’ ಎಂದಳು! ಇಷ್ಟು ದಿನ ಪಕ್ಕದ ಹಳ್ಳಿಯವನ ಸೀಟಿಗೆ ನಾನು ಸಂಕಟಪಟ್ಟೆ, ಇವಳಿಗೆ ಅದು ಬೇಕೇ ಇರಲಿಲ್ಲ. ಹಾಗಾಗಿ ಎರಡು ಊರಿನ ಎಲೆಕ್ಟ್ರಾನಿಕ್ಸ್‌ಗಳನ್ನು ಮೇಲಕ್ಕೆ ತಂದಿದ್ದಾಳೆ.

ಪಿಯು ಉಪನ್ಯಾಸಕ
ಒಳ್ಳೆಯದಾಯಿತು. ಆದಾಯ ಎಂಟು ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಕೇಳಿದ್ದೀರಾ ನೋಡಿ. ಅದು ಕಡಿಮೆ ಆದಾಯದವರ ಕೋಟಾ: ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿ 5 ಪ್ರತಿಶತ, ಬೋಧನಾ ಶುಲ್ಕ ಇರುವುದಿಲ್ಲ. ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಪರಿಶೀಲನಾ ಪತ್ರದಲ್ಲಿ ಒಪ್ಪಿಗೆಯಾಗಿದೆಯೇ ಎಂಬುದನ್ನೂ ನೋಡಿ. ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದರೂ ತಕರಾರು ಬರುತ್ತದೆ.

ಅರಸೀಕೆರೆ ಅಮ್ಮ
ಆಗಿದೆ ಸರ್, ಎರಡೂ.

ಅರಸೀಕೆರೆ ಅಮ್ಮ
ಮೊದಲ ಸುತ್ತಿನ ಫಲಿತಾಂಶ ಬಂತು. ಮೈಸೂರು, ಎಲೆಕ್ಟ್ರಾನಿಕ್ಸ್! ಅಣಕು ಹಂಚಿಕೆಯಲ್ಲಿ ಇದು ತೋರಿಸಿರಲಿಲ್ಲ. ಪಕ್ಕದ ಹಳ್ಳಿಯ ಹುಡುಗನಿಗೆ ಮೈಸೂರು ತಪ್ಪಿ ಮಂಡ್ಯದಲ್ಲಿ ಕಂಪ್ಯೂಟರ್ ಸೈನ್ಸ್ ಬಂದಿದೆ, ಪಾಪ, ಅವನ ತಾಯಿ ಈಗ ನನ್ನನ್ನು ಕೇಳುತ್ತಿದ್ದಾರೆ ‘ನಿಮಗೆ ಹೇಗೆ ಸಿಕ್ಕಿತು’ ಎಂದು. ಈಗ ಚಾಯ್ಸ್ 1 ಕೊಡಬೇಕೇ, 2 ಕೊಡಬೇಕೇ? ಅಪ್ಪ ಮಗಳು ಎರಡು ಬಣ.

ರಾತ್ರಿ ಎರಡು ಗಂಟೆ
ಅಭಿನಂದನೆ ಆಂಟಿ! ಚಾಯ್ಸ್ 2. ಸೀಟು ಕೈಯಲ್ಲಿರುತ್ತದೆ, ಮೇಲಿನದು ಬಂದರೆ ಲಾಭ.

ಸಿವಿಲ್ ಮೇಷ್ಟ್ರು
ಚಾಯ್ಸ್ 1. ಇನ್ನೂ ಒಂದು ತಿಂಗಳು ಆ ಮಗು ಕಾಯಬೇಕೇ?

ಹಳೆಯ ಲೆಕ್ಕಿಗ
ಚಾಯ್ಸ್ 3ರ ಕಡೆ ಮಾತ್ರ ಹೋಗಬೇಡಿ, ಅದು ಕೈಯಲ್ಲಿರುವುದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. 1 ಎಂದರೆ ಇದೇ ಸಾಕು, ಶುಲ್ಕ ಕಟ್ಟಿ ಕಾಲೇಜಿಗೆ ಹೋಗುವುದು. 2 ಎಂದರೆ ಇದನ್ನು ಇಟ್ಟುಕೊಂಡು ಇದಕ್ಕಿಂತ ಮೇಲಿನ ಆಯ್ಕೆಗಳಿಗೆ ಕಾಯುವುದು. ಆದರೆ ಎಚ್ಚರ: ಎರಡನೆಯ ಸುತ್ತಿನಲ್ಲಿ ಮೇಲಿನದೊಂದು ಬಂದರೆ ಮೈಸೂರು ತಾನಾಗಿಯೇ ರದ್ದಾಗುತ್ತದೆ, ‘ಅದೇ ಇರಲಿ’ ಎನ್ನಲಾಗದು. ಆದ್ದರಿಂದ ಮೇಲೆ ಉಳಿದಿರುವ ಒಂದೊಂದು ಆಯ್ಕೆಯನ್ನೂ ಮಗಳ ಮುಂದೆ ಓದಿ ಕೇಳಿ: ‘ಇದು ಬಂದರೆ ಮೈಸೂರು ಬಿಡುತ್ತೀಯಾ?’ ಎಲ್ಲಕ್ಕೂ ಹೌದು ಎಂದರೆ 2. ಬೆಂಗಳೂರಿಗೆ ಹೋಗಲು ಮನಸ್ಸಿಲ್ಲದಿದ್ದರೆ 1. ಚಾಯ್ಸ್ 2ಕ್ಕೆ ಶುಲ್ಕ ಈಗಲೇ ಕಟ್ಟಬೇಕೇ ಎಂಬ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಈ ವರ್ಷದ ಸೂಚನೆಯನ್ನೇ ಓದಿ, ಇಲ್ಲಿ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ.

ಅರಸೀಕೆರೆ ಅಮ್ಮ
ಓದಿ ಕೇಳಿದೆ ಸರ್. ಯುವಿಸಿಇ ಒಂದಕ್ಕೆ ಹೌದು ಎಂದಳು, ಉಳಿದವಕ್ಕೆಲ್ಲ ಬೇಡ. ಉಳಿದವನ್ನು ಈಗ ತೆಗೆಯಬಹುದೇ?

ಹಳೆಯ ಲೆಕ್ಕಿಗ
ಎರಡನೆಯ ಸುತ್ತಿಗೆ ಮೊದಲು ಆಯ್ಕೆಗಳನ್ನು ಅಳಿಸಲು, ಕ್ರಮ ಬದಲಿಸಲು ಅವಕಾಶ ಕೊಡುವುದುಂಟು. ಕೊಟ್ಟರೆ ಆ ದಿನವೇ ಅಳಿಸಿ, ಮುದ್ರಿಸಿ ಇಟ್ಟುಕೊಳ್ಳಿ. ಸೀಕ್ರೆಟ್ ಕೀಯನ್ನು ಸೈಬರ್ ಸೆಂಟರಿನವರಿಗೆ ಕೊಡಬೇಡಿ.

ಮೂರನೇ ಸುತ್ತಿನವನು
ಕೊನೆಯ ದಿನ ಸಂಜೆಗೆ ಬಿಡಬೇಡಿ, ಜಾಲತಾಣ ನಿಂತುಬಿಡುತ್ತದೆ. ಬೆಳಗಿನ ಜಾವ ಐದಕ್ಕೆ ಕೂತುಕೊಳ್ಳಿ.

ಹೊಸ ಸದಸ್ಯ
ನಮಸ್ಕಾರ, ನನ್ನ ರ‍್ಯಾಂಕ್ 61 ಸಾವಿರ, 2ಎ ಗ್ರಾಮೀಣ, ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತದೆಯೇ?

ದಾವಣಗೆರೆ ಬೆಣ್ಣೆ
ಮೇಲಿನಿಂದ ಓದಿಕೊಂಡು ಬಾ ತಮ್ಮಾ. ಆಮೇಲೂ ಪ್ರಶ್ನೆ ಉಳಿದರೆ ಲೆಕ್ಕಿಗರು ಇದ್ದಾರೆ.